ಗೆರೆಯೊಳಗಿನ ಅಳತೆ

ಫೆಬ್ರವರಿ 9

ಅಕ್ಕಾ,

ನೀನು ಕಳಿಸಿದ ಉಣ್ಣೆಯ ಟೋಪಿ ಬಂತು. ಗುಂಡುವಿನ ತಲೆಯ ಮೇಲೆ ಅದು ಡಬ್ಬಿಯ ಮುಚ್ಚಳದ ಹಾಗೆ ಕೂತಿತು, ಕಿವಿಯವರೆಗೂ ಇಳಿಯಲಿಲ್ಲ. ಅದರ ಮೇಲೆ ‘ಎರಡು ತಿಂಗಳ ಮಗುವಿಗೆ’ ಎಂದು ಚೀಟಿ ಬೇರೆ! ದಿನಕ್ಕೆ ಇಪ್ಪತ್ತು ಮಕ್ಕಳ ತಲೆ ಅಳೆಯುವವಳಿಗೆ ಸ್ವಂತ ತಂಗಿಯ ಮಗನ ತಲೆ ಅಂದಾಜಾಗಲಿಲ್ಲವಲ್ಲೇ. ನಾನು ದರ್ಜಿ, ಬಾಗಿಲಲ್ಲಿ ನಿಂತವರನ್ನು ನೋಡಿಯೇ ಅಳತೆ ಹೇಳುತ್ತೇನೆ. ನೀನು ಅಳೆಯುವವರು ಇನ್ನೂ ಹೊಟ್ಟೆಯೊಳಗೇ ಇರುತ್ತಾರೆ, ಹೋಗಲಿ, ಕ್ಷಮಿಸಿದ್ದೇನೆ.

ಇವರಿಗಂತೂ ಹೆಮ್ಮೆಯೋ ಹೆಮ್ಮೆ. ‘ತಲೆ ನಂದೇ. ನಮ್ಮ ಡಿಪೋದಲ್ಲಿ ನನಗಾಗೋ ಟೋಪಿ ಇವತ್ತಿಗೂ ಸಿಕ್ಕಿಲ್ಲ’ ಎನ್ನುತ್ತಾರೆ. ನಾನು ಮತ್ತೆ ಅಂಗಡಿಗೆ ಹೋಗುತ್ತಿದ್ದೇನೆ. ಇವರ ಬಸ್ಸು ಹೊರಡುವುದು ಮಧ್ಯಾಹ್ನ ಎರಡಕ್ಕೆ, ಅಲ್ಲಿಯವರೆಗೆ ಗುಂಡು ಇವರ ಸುಪರ್ದಿ. ಬಾಯಲ್ಲೇ ಹಾರನ್ ಹೊಡೆಯುತ್ತಾ, ‘ಮುಂದಿನ ನಿಲ್ದಾಣ ಹಾಲು’ ಎಂದು ಕೂಗುತ್ತಾ ಬಾಟಲಿ ಬಾಯಿಗಿಡುತ್ತಾರೆ. ಪಕ್ಕದ ಮನೆಯ ನರ್ಸಮ್ಮ ಗೋಡೆಯಾಚೆಯಿಂದ ಕೇಳಿ ನಗುತ್ತಾರಂತೆ.

ಎಂಟನೇ ತಿಂಗಳಲ್ಲಿ ನಿನ್ನ ಸ್ಕ್ಯಾನ್ ಕೋಣೆಗೆ ಕರೆದುಕೊಂಡು ಹೋಗಿದ್ದೆಯಲ್ಲ, ಅವತ್ತು ಎಷ್ಟು ಹೊತ್ತು ತಲೆಯ ಕಡೆಯೇ ಒತ್ತುತ್ತಿದ್ದೆ! ‘ಏನೇ ಅದು?’ ಎಂದರೆ ‘ಮುಖ ತೋರಿಸ್ತಿಲ್ಲ, ನಿನ್ನ ಹಾಗೇ ಹಟಮಾರಿ’ ಎಂದೆ. ಎರಡು ಸಲ ಬಸಿರು ಕಳೆದುಕೊಂಡಿದ್ದವಳು ನಾನು. ನೀನು ‘ಎಲ್ಲಾ ಸರಿಯಾಗಿದೆ’ ಎಂದ ಆ ದಿನವೇ ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದ್ದು. ಆ ಉಪಕಾರ ಸಾಯುವವರೆಗೂ ಮರೆಯುವುದಿಲ್ಲ.

ನಿನ್ನ ತಂಗಿ

*

ಫೆಬ್ರವರಿ 17

ತಂಗೀ,

ಟೋಪಿಯನ್ನು ವಾಪಸ್ ಕಳಿಸು, ಬಿಚ್ಚಿ ದೊಡ್ಡದು ಹೆಣೆಯುತ್ತೇನೆ. ಅದಕ್ಕೆ ಸರಿಯಾದ ಅಳತೆ ಬೇಕು. ಟೇಪನ್ನು ಹುಬ್ಬಿನ ಮೇಲಿಂದ ತಂದು, ಕಿವಿಗೆ ತಾಗದ ಹಾಗೆ, ಹಿಂದಲೆ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿ ಸುತ್ತಿಸು. ಹದಿನೈದು ದಿನಕ್ಕೊಮ್ಮೆ ಅಳೆದು ಬರೆ. ಟೋಪಿಗಷ್ಟೇ.

ಹಾಲು ಕಕ್ಕುತ್ತಾನಾ? ನೆತ್ತಿಯ ಮೆತ್ತಗಿನ ಜಾಗ ಉಬ್ಬಿದ ಹಾಗಿದೆಯಾ? ಬಸ್ಸಿನ ಹಿಂದಿನ ಸೀಟಲ್ಲಿ ಕೂತು ಡ್ರೈವರಿಗೆ ದಾರಿ ಹೇಳುವವಳ ಹಾಗೆ ಕೇಳುತ್ತಿದ್ದೇನೆ ಎಂದುಕೊ. ಬಿಡುವಾದಾಗ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿಬಿಡು. ಕಾರಣ ಏನಿಲ್ಲ.

ಇನ್ನೊಂದು. ನಿನ್ನನ್ನು ನಾನೇ ಸ್ಕ್ಯಾನ್ ಮಾಡಿದ್ದನ್ನು ಎಲ್ಲರ ಮುಂದೆ ಹೇಳಿಕೊಂಡು ಬರಬೇಡ. ಸ್ವಂತದವರಿಗೆ ಮಾಡಬಾರದು ಎಂದು ನಮ್ಮಲ್ಲಿ ಕಟ್ಟುನಿಟ್ಟು. ದೊಡ್ಡ ಡಾಕ್ಟರು ನಾನು ಬರೆದದ್ದಕ್ಕೆ ಹೆಸರು ನೋಡದೆ ಸಹಿ ಹಾಕಿದ್ದಾರೆ.

ಬಸ್ ಡ್ರೈವರ್ ಸಾಹೇಬರಿಗೆ ನನ್ನ ನಮಸ್ಕಾರ. ಹಾಲಿನ ನಿಲ್ದಾಣದಲ್ಲಿ ತೇಗು ಬರುವವರೆಗೆ ಬಸ್ಸು ನಿಲ್ಲಿಸಲು ಹೇಳು.

ಅಕ್ಕ

*

ಮಾರ್ಚ್ 14

ಅಕ್ಕಾ,

ತೊಡೆಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಅಡ್ಡಾದಿಡ್ಡಿಯಾಗಿದ್ದರೆ ಹೊಂದಿಸಿಕೊಂಡು ಓದು. ಫೋನ್ ಮಾಡಬೇಡ, ನಮ್ಮಿಬ್ಬರ ಫೋನನ್ನೂ ಪೊಲೀಸರು ತೆಗೆದುಕೊಂಡು ಹೋಗಿದ್ದಾರೆ.

ಕಳೆದ ಗುರುವಾರ ಬೆಳಿಗ್ಗೆ ಶಾಲೆಯ ಅಂಗಿಗಳಿಗೆ ಕಾಲರ್ ಕೂರಿಸುತ್ತಿದ್ದೆ. ನರ್ಸಮ್ಮ ಚಪ್ಪಲಿಯಿಲ್ಲದೆ ಓಡಿಬಂದರು. ಹಾಲು ಕುಡಿಯುತ್ತಿದ್ದ ಗುಂಡು ಕಣ್ಣು ಮೇಲೆ ಮಾಡಿ ಸೆಟೆದುಕೊಂಡು, ಆಮೇಲೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದನಂತೆ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನನ್ನು ಯಂತ್ರದೊಳಗೆ ಮಲಗಿಸಿದ್ದರು. ಮೆದುಳಿನ ಸುತ್ತ ಎರಡೂ ಕಡೆ ನೀರು ನಿಂತಿದೆಯಂತೆ. ಅದರಲ್ಲಿ ಹಳೆಯ ರಕ್ತವೂ ಇದೆ, ಹೊಸ ರಕ್ತವೂ ಇದೆ. ‘ಮಗು ಯಾರ ಹತ್ರ ಇತ್ತು?’ ಎಂದು ಡಾಕ್ಟರು ಕೇಳಿದರು. ‘ಅಪ್ಪನ ಹತ್ರ’ ಎಂದೆ. ಹಾಗೆಂದದ್ದೇ ತಡ, ಅವರ ಮುಖ ಬದಲಾಯಿತು.

ಇವರು ಎಲ್ಲವನ್ನೂ ಇದ್ದ ಹಾಗೇ ಹೇಳಿದರು. ‘ಉಸಿರು ನಿಂತ ಹಾಗಾಯ್ತು. ಎತ್ಕೊಂಡು ಅಲ್ಲಾಡಿಸ್ದೆ. ಗುಂಡೂ, ಗುಂಡೂ ಅಂತ ಕೂಗ್ದೆ’ ಎಂದರು. ಆ ಮಾತಿನಲ್ಲಿ ‘ಅಲ್ಲಾಡಿಸಿದೆ’ ಎಂಬುದೊಂದನ್ನು ಮಾತ್ರ ಡಾಕ್ಟರು ಬರೆದುಕೊಂಡರು. ಮಕ್ಕಳ ರಕ್ಷಣೆಯ ಅಧಿಕಾರಿ ಎಂದು ಒಬ್ಬ ಹೆಂಗಸು ಬಂದಳು. ಯಾರೋ ಮಗುವನ್ನು ಹಿಡಿದು ಜೋರಾಗಿ ಕುಲುಕಿದ್ದಾರೆ, ಹಳೆಯ ರಕ್ತವೂ ಇರುವುದರಿಂದ ಇದು ಒಂದು ಸಲದ್ದಲ್ಲ ಎಂದಳು. ಇವರು ನನ್ನ ಮುಖ ನೋಡಿದರು.

ಒಂದು ಒಳ್ಳೆಯ ಕೆಲಸ ಮಾಡಿದೆ. ‘ಬಸಿರಿನಲ್ಲಿ ಏನಾದ್ರೂ ತೊಂದ್ರೆ ಇತ್ತಾ?’ ಎಂದು ಕೇಳಿದಾಗ ನಿನ್ನ ಸ್ಕ್ಯಾನಿನ ವರದಿಯನ್ನು ತಂದುಕೊಟ್ಟೆ. ಬೇರೆ ಯಾವ ವರದಿಯೂ ಅಷ್ಟು ಸ್ಪಷ್ಟವಾಗಿಲ್ಲ. ನಾವು ಎಷ್ಟು ಜೋಪಾನ ಮಾಡಿದ್ದೇವೆ ಎಂದು ಅವರಿಗೂ ಗೊತ್ತಾಗಲಿ. ನೀನು ಮಾಡಿದ್ದೆಂದು ಹೇಳಿಲ್ಲ.

ಗುಂಡು ಉಸಿರಾಡುತ್ತಿದ್ದಾನೆ. ಬುರುಡೆಗೆ ಸೂಜಿ ಹಾಕಿ ಸ್ವಲ್ಪ ನೀರು ತೆಗೆದರು.

ತಂಗಿ

*

ಮಾರ್ಚ್ 20

ತಂಗೀ,

ನಿನ್ನ ಕಾಗದ ಬಂತು. ಆ ವರದಿಯನ್ನು ಯಾಕೆ ಕೊಟ್ಟೆಯೇ? ಕೊಡಬಾರದಿತ್ತು. ಹೋಗಲಿ, ಕೊಟ್ಟಾಯಿತು.

ಈಗ ನಾನು ಹೇಳುವುದನ್ನು ಸಮಾಧಾನವಾಗಿ ಓದು. ಕೆಲವು ಮಕ್ಕಳಿಗೆ ಹೊಟ್ಟೆಯಲ್ಲಿರುವಾಗಲೇ ಮೆದುಳಿಗೂ ಬುರುಡೆಗೂ ನಡುವಿನ ಜಾಗ ಅಗಲವಾಗಿ ನೀರು ಸೇರಿರಬಹುದು ಎನ್ನುವ ಡಾಕ್ಟರುಗಳಿದ್ದಾರೆ. ಆ ಜಾಗ ದಾಟುವ ಸಣ್ಣ ರಕ್ತನಾಳಗಳು ಬಿಗಿಯಾಗಿ ಎಳೆದ ದಾರದ ಹಾಗಾಗುತ್ತವೆ. ಹೆರಿಗೆಯ ಒತ್ತಡಕ್ಕೋ, ಏನೂ ಕಾರಣವಿಲ್ಲದೆಯೋ ಅವು ಜಿನುಗಬಹುದು. ಒಣಗುವುದು, ಮತ್ತೆ ಜಿನುಗುವುದು. ಹಳೆಯದೂ ಹೊಸದೂ ಒಟ್ಟಿಗೆ ಕಾಣಲು ಅದೂ ಒಂದು ಕಾರಣವಾಗಬಹುದು. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಆದರೂ ‘ಇದು ಹುಟ್ಟುವ ಮೊದಲೇ ಇತ್ತೇ?’ ಎಂದು ಬಾಯಿಬಿಟ್ಟು ಕೇಳು. ವರದಿಗಳಲ್ಲಿ ತಪ್ಪಾಗುವುದೂ ಉಂಟು.

ನಿನ್ನ ಗಂಡನ ಕೈ ಬಿಡಬೇಡ. ಅವನು ಇರುವೆ ಕಂಡರೆ ಬ್ರೇಕ್ ಹಾಕುವ ಮನುಷ್ಯ.

ಅಕ್ಕ

*

ಏಪ್ರಿಲ್ 2

ಅಕ್ಕಾ,

ಕೇಳಿದೆ. ಡಾಕ್ಟರು ನಿನ್ನ ವರದಿಯ ಮೇಲೆ ಬೆರಳಿಟ್ಟರು. ‘ಅಂಥದ್ದೇನಾದ್ರೂ ಇದ್ದಿದ್ರೆ ಇಲ್ಲಿ ಕಾಣ್ತಿತ್ತಮ್ಮ. ಮೂವತ್ತನಾಲ್ಕನೇ ವಾರದಲ್ಲಿ ತಲೆಯ ಸುತ್ತಳತೆ ಮೂವತ್ಮೂರು ಸೆಂಟಿಮೀಟರ್, ಗೆರೆಯೊಳಗೇ ಇದೆ. ಮೆದುಳು ಸಹಜ ಅಂತ ಬರ್ದಿದಾರೆ. ಹಾಗಾದ್ರೆ ಇದು ಹುಟ್ಟಿದ್ಮೇಲೇ ಆಗಿದ್ದು’ ಎಂದರು.

ವರದಿಗಳಲ್ಲಿ ತಪ್ಪಾಗುತ್ತದೆ ಎಂದು ಬರೆದಿದ್ದೀಯ. ಬೇರೆಯವರದ್ದರಲ್ಲಿ ಆಗಬಹುದು. ನಿನ್ನದರಲ್ಲಿ ಹೇಗೆ ಆಗುತ್ತದೆ? ಚಿಕ್ಕಂದಿನಲ್ಲಿ ನನ್ನ ಲೆಕ್ಕದ ಪುಸ್ತಕ ತಿದ್ದುತ್ತಿದ್ದವಳು ನೀನು. ನೀನು ಬರೆದದ್ದನ್ನು ಕಣ್ಣು ಮುಚ್ಚಿ ನಂಬುತ್ತೇನೆ. ಅದನ್ನು ನಂಬಿದರೆ ಉಳಿಯುವುದು ಒಂದೇ ಮಾತು, ಅಕ್ಕಾ. ಅದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ, ಬರೆಯಲು ಕೈಯೂ ಬರುವುದಿಲ್ಲ.

ನಾನು ಈಗ ಅವರ ಕೈಗಳನ್ನೇ ನೋಡುತ್ತಿರುತ್ತೇನೆ. ಲೋಟ ಹಿಡಿಯುವಾಗ, ಬಾಗಿಲು ಹಾಕುವಾಗ. ದೊಡ್ಡ ಕೈಗಳು. ಬಸ್ಸಿನ ಸ್ಟೀರಿಂಗ್ ತಿರುಗಿಸುವ ಕೈಗಳು. ಜನವರಿಯಲ್ಲಿ ಒಮ್ಮೆ ಗುಂಡು ಎರಡು ಗಂಟೆ ಅತ್ತಾಗ ‘ಥೂ, ಸಾಕಪ್ಪಾ’ ಎಂದಿದ್ದರು. ಅವತ್ತು ನಗು ಬಂದಿತ್ತು.

ಮಗುವನ್ನು ಒಬ್ಬ ಸಾಕುತಾಯಿಯ ಮನೆಯಲ್ಲಿ ಇಟ್ಟಿದ್ದಾರೆ. ಗಂಡ ಹೆಂಡತಿ ಬೇರೆ ಬೇರೆ ಇದ್ದರೆ ಮಗುವನ್ನು ನನಗೆ ಕೊಡುವ ವಿಷಯ ಯೋಚಿಸುತ್ತೇವೆ ಎಂದು ಅಧಿಕಾರಿ ಹೇಳಿದಳು. ನಿನ್ನೆ ಅವರು ಚೀಲ ತುಂಬಿಕೊಂಡರು. ಮೂರು ಅಂಗಿ, ಮೂರೂ ನಾನೇ ಹೊಲಿದವು. ‘ನೀನೂ ನಂಬ್ತೀಯಾ?’ ಎಂದು ಕೇಳಿದರು. ನಾನು ಮೂರನೇ ಅಂಗಿ ಮಡಿಸುತ್ತಿದ್ದೆ. ಮಡಿಸಿ ಮುಗಿಯುವವರೆಗೆ ಕಾದು ನಿಂತಿದ್ದು, ಚೀಲಕ್ಕೆ ಹಾಕಿಕೊಂಡು ಹೋದರು.

ತಂಗಿ

*

ಏಪ್ರಿಲ್ 29

ಅಕ್ಕಾ,

ನಾಲ್ಕು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಕೆಲಸಕ್ಕೆ ಕುತ್ತು ಬರುತ್ತದೆ ಎಂದು ಹೆದರಿದ್ದೀಯಾ? ನಿನ್ನ ಹೆಸರು ನಾನು ಎತ್ತಿಲ್ಲ, ಎತ್ತುವುದೂ ಇಲ್ಲ.

ಮಂಗಳವಾರ, ಶುಕ್ರವಾರ ಒಂದೊಂದು ಗಂಟೆ ಗುಂಡುವನ್ನು ನೋಡಲು ಬಿಡುತ್ತಾರೆ. ಪ್ಲಾಸ್ಟಿಕ್ ಕುರ್ಚಿಗಳ ಕೋಣೆ. ಮೂಲೆಯಲ್ಲಿ ಒಬ್ಬಳು ಕೂತು ನಾನು ಹೇಗೆ ಎತ್ತಿಕೊಂಡೆ, ಏನು ಮಾತಾಡಿದೆ ಎಂದು ಬರೆದುಕೊಳ್ಳುತ್ತಾಳೆ. ನನ್ನ ಮಗನನ್ನು ಮುದ್ದಾಡಲು ಭಯ. ಮೊನ್ನೆ ಅವನು ನನ್ನ ತೊಡೆಯ ಮೇಲಿದ್ದುಕೊಂಡು ಸಾಕುತಾಯಿಯ ದನಿ ಬಂದ ಕಡೆ ತಿರುಗಿದ. ಅಷ್ಟು ದೊಡ್ಡ ತಲೆಯನ್ನು ಎಷ್ಟು ಕಷ್ಟಪಟ್ಟು ತಿರುಗಿಸಿದ ಗೊತ್ತಾ?

ಬರೆ.

ತಂಗಿ

*

ಮೇ 6

ತಂಗೀ,

ಬರೆಯಲಿಲ್ಲ, ತಪ್ಪಾಯಿತು. ನಾಲ್ಕು ಸಲ ಬರೆದು ಹರಿದೆ.

ಆ ದಿನ ಸ್ಕ್ಯಾನಿನಲ್ಲಿ ಮೆದುಳಿನ ಸುತ್ತ ಕಪ್ಪು ಅಂಚಿನ ಹಾಗೆ ಏನೋ ಕಂಡಂತೆ ನೆನಪು. ತೆಳುವಾಗಿ. ನೀರಿರಬಹುದು, ನೆರಳೂ ಇರಬಹುದು. ತಲೆಯೂ ಸ್ವಲ್ಪ ದೊಡ್ಡದೇ ಅನ್ನಿಸಿತ್ತು. ಬರೆಯುವಷ್ಟಿಲ್ಲ ಎಂದು ಬಿಟ್ಟೆ. ಈಗ ಅನ್ನಿಸುತ್ತದೆ, ಬರೆಯಬೇಕಿತ್ತೇನೋ. ದೊಡ್ಡ ಡಾಕ್ಟರ ಹತ್ತಿರ ಮಾತಾಡುವವರೆಗೆ ಇದನ್ನು ಯಾರಿಗೂ ತೋರಿಸಬೇಡ. ಆದರೆ ನೀನು ಮಾತ್ರ ನಂಬು. ನಿನ್ನ ಗಂಡ ಏನೂ ಮಾಡಿಲ್ಲ.

ಅಕ್ಕ

*

ಮೇ 13

ಅಕ್ಕಾ,

ನಿನ್ನ ಕಾಗದ ಓದಿ ಮೈಯೆಲ್ಲಾ ಉರಿಯಿತು. ನಿನ್ನ ಕೈಬರಹದಲ್ಲಿ ‘ಮೆದುಳು ಸಹಜ’ ಎಂದು ಇದೆ. ಈಗ ಆರು ತಿಂಗಳಾದ ಮೇಲೆ ‘ಏನೋ ಕಂಡಂತೆ ನೆನಪು’. ಯಾರಿಗೂ ತೋರಿಸಬೇಡ ಬೇರೆ! ನಿಜವಾಗಿ ಕಂಡಿದ್ದರೆ ಎರಡು ಮಕ್ಕಳನ್ನು ಕಳೆದುಕೊಂಡ ತಂಗಿಯಿಂದ ನೀನು ಮುಚ್ಚಿಡುತ್ತಿದ್ದೆಯಾ? ಅಷ್ಟು ಕಟುಕಿಯಲ್ಲ ನೀನು.

ನನಗೆ ಗೊತ್ತು. ನಿನಗೆ ಮೊದಲಿನಿಂದಲೂ ನನ್ನ ಗಂಡನೆಂದರೆ ಅಕ್ಕರೆ. ಅವನನ್ನು ಉಳಿಸಲು, ನನ್ನ ಸಂಸಾರ ಉಳಿಸಲು ಈ ಕಥೆ ಕಟ್ಟಿದ್ದೀಯ. ಅಧಿಕಾರಿ ಮೊದಲೇ ಹೇಳಿದ್ದಳು, ‘ಮನೆಯವ್ರು ಆಮೇಲೆ ಏನೇನೋ ನೆನಪು ಮಾಡ್ಕೊಳ್ತಾರೆ, ಹುಷಾರು’ ಎಂದು. ನನಗೆ ನನ್ನ ಮಗ ಬೇಕು. ಗಂಡನ ಪರ ಒಂದು ಮಾತಾಡಿದರೂ ಮಗ ನನ್ನಿಂದ ಒಂದು ತಿಂಗಳು ದೂರ ಹೋಗುತ್ತಾನೆ.

ಇನ್ನು ಬರೆಯಬೇಡ. ಬರೆದರೂ ಒಡೆಯುವುದಿಲ್ಲ.

*

ಜೂನ್ 3

ತಂಗೀ,

ಒಡೆದು ಓದು. ಕೈಮುಗಿದು ಕೇಳುತ್ತೇನೆ.

ಕಳೆದ ಸಲ ‘ನೆನಪು’ ಎಂದೆ, ‘ಅನ್ನಿಸಿತ್ತು’ ಎಂದೆ. ಅದು ಹೇಡಿತನ. ಇದು ನಡೆದದ್ದು.

ನಮ್ಮ ಯಂತ್ರದ ಪರದೆಯಲ್ಲಿ ಎರಡು ಗೆರೆಗಳಿರುತ್ತವೆ, ತಲೆಯ ಅಳತೆ ಅವುಗಳ ನಡುವೆ ಬೀಳಬೇಕು. ಮೂರು ಸಲ ಅಳೆಯುತ್ತೇವೆ. ಮೂರರಲ್ಲಿ ಯಾವುದು ಗೆರೆಯೊಳಗೆ ಬಿತ್ತೋ ಅದನ್ನು ಬರೆದು ಮುಂದಿನವರನ್ನು ಕರೆಯುವುದು ನಮ್ಮ ಕೋಣೆಯ ರೂಢಿ. ಯಾರೂ ಹೇಳಿಕೊಟ್ಟದ್ದಲ್ಲ, ಎಲ್ಲರೂ ಮಾಡುವುದು. ಹೊರಗೆ ಬಿದ್ದದ್ದನ್ನು ಬರೆದರೆ ದೊಡ್ಡ ಡಾಕ್ಟರು ಎದ್ದು ಬರಬೇಕು, ಮತ್ತೆ ನೋಡಬೇಕು, ಹೊರಗೆ ಹತ್ತಾರು ಜನ ಕಾಯುತ್ತಿರುತ್ತಾರೆ. ಗುಂಡುವಿನ ತಲೆ ಮೊದಲ ಸಲ ಮೂವತ್ತನಾಲ್ಕೂವರೆ ಬಂತು. ಎರಡನೇ ಸಲ ಮೂವತ್ತನಾಲ್ಕು. ಎರಡೂ ಗೆರೆಯ ಹೊರಗೆ. ಮೂರನೇ ಸಲ ನಾನು ಕೈಯನ್ನು ಸ್ವಲ್ಪ ಓರೆ ಮಾಡಿದೆ. ಬೇಕೆಂದೇ ಮಾಡಿದೆ. ಮೂವತ್ತಮೂರು ಬಂತು, ಬರೆದೆ. ಮೆದುಳಿನ ಸುತ್ತ ಕಪ್ಪು ಅಂಚು ಎರಡೂ ಕಡೆ ಇತ್ತು, ನೆರಳಲ್ಲ. ಆ ಚಿತ್ರಗಳನ್ನು ಉಳಿಸದೆ ಅಳಿಸಿದೆ.

ಯಾಕೆ ಎಂದು ಕೇಳುತ್ತೀಯ. ನೀನು ಮಂಚದ ಮೇಲೆ ಮಲಗಿ ನನ್ನ ಮುಖವನ್ನೇ ನೋಡುತ್ತಿದ್ದೆ. ಅಂಥ ಅಂಚು ಎಷ್ಟೋ ಮಕ್ಕಳಲ್ಲಿ ತಾನೇ ಹೋಗಿಬಿಡುತ್ತದೆ. ಇನ್ನಾರು ವಾರ ನೀನು ನೆಮ್ಮದಿಯಾಗಿರಲಿ, ಹುಟ್ಟಿದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ. ಸ್ವಂತದವರಿಗೆ ಸ್ಕ್ಯಾನ್ ಮಾಡಿದ್ದು ಗೊತ್ತಾಗುತ್ತದೆಂಬ ಹೆದರಿಕೆಯೂ ಇತ್ತು, ಅದನ್ನು ಬಿಟ್ಟು ಹೇಳಿದರೆ ಮತ್ತೆ ಸುಳ್ಳಾಗುತ್ತದೆ. ಟೋಪಿಯ ನೆಪದಲ್ಲಿ ಅಳತೆ ಕೇಳಿದೆನಲ್ಲ, ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಅದೇ ನೀರೇ ಇದು ಎಂದು ನಾನು ಆಣೆ ಮಾಡಲಾರೆ. ಯಾರೂ ಮಾಡಲಾರರು. ಆದರೆ ‘ಹುಟ್ಟುವ ಮೊದಲು ಏನೂ ಇರಲಿಲ್ಲ’ ಎಂಬುದು ಸುಳ್ಳು. ಅವರು ನಿನ್ನ ಗಂಡನ ಮೇಲೆ ಕಟ್ಟಿದ್ದೆಲ್ಲ ಆ ಸುಳ್ಳಿನ ಮೇಲಿದೆ. ಇದೇ ಮಾತನ್ನು ಬರೆದು ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಅವನ ವಕೀಲರಿಗೆ ಇವತ್ತೇ ತಲುಪಿಸು. ಅವನೆಲ್ಲಿದ್ದಾನೆ, ವಕೀಲರು ಯಾರು, ನನಗೆ ಗೊತ್ತಿಲ್ಲ. ನಿನ್ನೊಬ್ಬಳಿಂದಲೇ ಆಗಬೇಕು.

ಹೊಟ್ಟೆಗೆ ಹಾಕಿಕೊ ಎಂದು ಕೇಳುವ ಯೋಗ್ಯತೆ ನನಗಿಲ್ಲ.

ಅಕ್ಕ

*

ಜೂನ್ 27

ಅಕ್ಕಾ,

ನಿನ್ನ ಕಾಗದ ಎಂಟನೇ ತಾರೀಖು ಶನಿವಾರ ಬಂತು. ಹೊಲಿಗೆ ಯಂತ್ರದ ಡ್ರಾಯರಿಗೆ ಹಾಕಿ ಮುಚ್ಚಿದೆ. ದಪ್ಪಗಿತ್ತು. ದೊಡ್ಡ ಸುಳ್ಳು ಇರಬೇಕು ಎಂದುಕೊಂಡೆ.

ಹದಿನಾಲ್ಕನೇ ತಾರೀಖು ಶುಕ್ರವಾರ ಅವರು ನ್ಯಾಯಾಲಯದಲ್ಲಿ ತಪ್ಪೊಪ್ಪಿಗೆಗೆ ಸಹಿ ಹಾಕಿದರು. ಒಪ್ಪಿಕೊಂಡರೆ ಜೈಲಿಲ್ಲ, ಮಗು ತಾಯಿಯ ಹತ್ತಿರ ಹೋಗುತ್ತದೆ, ಆದರೆ ಅಪ್ಪ ಮಗುವನ್ನು ನೋಡುವಂತಿಲ್ಲ, ಅದರ ಸುದ್ದಿ ಕೇಳುವಂತೆಯೂ ಇಲ್ಲ ಎಂದು ಷರತ್ತು. ನನಗೆ ಯಾರೂ ಮುಂಚೆ ಹೇಳಲಿಲ್ಲ. ಹದಿನೆಂಟಕ್ಕೆ ಗುಂಡು ಮನೆಗೆ ಬಂದ. ನಾನು ಖುಷಿಪಟ್ಟೆ, ಅಕ್ಕಾ. ಅವತ್ತು ಮನೆಯಿಡೀ ಅವನನ್ನು ಹೊತ್ತು ತಿರುಗಿದೆ.

ಇಪ್ಪತ್ತನಾಲ್ಕಕ್ಕೆ ಮತ್ತೆ ತಲೆಯ ಚಿತ್ರ ತೆಗೆದರು. ಹೊಸ ರಕ್ತವಿದೆ. ಎರಡು ಮೂರು ವಾರದ್ದು, ಎಂದರೆ ಸಾಕುತಾಯಿಯ ಮನೆಯಲ್ಲಿದ್ದಾಗಿನದ್ದು. ನನಗೆ ಜೀವವೇ ಹೋಯಿತು. ಡಾಕ್ಟರು ಮಾತ್ರ ಶಾಂತವಾಗಿದ್ದರು. ‘ಹೆದರ್ಬೇಡಿ, ಒಂದ್ಸಲ ನೀರು ನಿಂತ ಜಾಗದಲ್ಲಿ ಹೀಗೆ ತಾನಾಗೇ ಆಗತ್ತೆ. ಯಾರೂ ಏನೂ ಮಾಡ್ಬೇಕಾಗಿಲ್ಲ’ ಎಂದರು. ಆ ಸಾಕುತಾಯಿ ನಿಜವಾಗಿ ಒಳ್ಳೆಯವಳು, ಅವಳ ಮೇಲೆ ನನಗೂ ಅನುಮಾನವಿಲ್ಲ. ಆದರೆ ಅವಳ ಮನೆಯಲ್ಲಿ ತಾನಾಗಿಯೇ ಆಗುವುದು ನನ್ನ ಮನೆಯಲ್ಲಿ ಯಾಕೆ ಆಗಬಾರದಿತ್ತು ಎಂದು ಅವರನ್ನು ಕೇಳದೆ ಗುಂಡುವನ್ನು ಎತ್ತಿಕೊಂಡು ಹೊರಗೆ ಬಂದೆ.

ಮನೆಗೆ ಬಂದು ಡ್ರಾಯರ್ ತೆಗೆದೆ. ಓದಿದೆ. ಅವರು ಸಹಿ ಹಾಕುವ ಆರು ದಿನ ಮೊದಲೇ ತಲುಪಿತ್ತು. ನಿನ್ನ ಸಹಿ ಹಾಕಿದ ಹಾಳೆಯನ್ನು ಮಾರನೆಯ ದಿನವೇ ವಕೀಲರಿಗೆ ಕೊಟ್ಟೆ. ಅವರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ತಂಗಿ

*

ಜುಲೈ 5

ತಂಗೀ,

ನಿನ್ನ ಕಾಗದದಲ್ಲಿ ನನಗೆ ಒಂದೇ ಒಂದು ಬೈಗುಳವಿರಲಿಲ್ಲ. ಎರಡು ಸಲ ಹುಡುಕಿದೆ.

ದೊಡ್ಡ ಡಾಕ್ಟರ ಮುಂದೆ ಎಲ್ಲವನ್ನೂ ಹೇಳಿದೆ. ‘ಮೂರರಲ್ಲಿ ಒಂದು ಬರೀತೀರಿ ಅಂತ ನಂಗೆ ಗೊತ್ತಿಲ್ವಾ? ಅದನ್ನ ಯಾಕೆ ಹೊರಗೆ ಹೇಳೋಕೆ ಹೋಗ್ತೀಯಮ್ಮ?’ ಎಂದರು. ಸೋಮವಾರದಿಂದ ಕೆಲಸವಿಲ್ಲ. ಅದಕ್ಕಾಗಿ ನೀನು ಮರುಗಬೇಡ, ಇಪ್ಪತ್ತೆರಡು ವರ್ಷ ನಾನು ಗೆರೆಯೊಳಗೆ ಬರೆದ ತಲೆಗಳು ಎಷ್ಟೋ, ಅವು ಯಾರ ಮನೆಯಲ್ಲಿವೆಯೋ ಎಂದು ಯೋಚಿಸುತ್ತಾ ಕೂತಿದ್ದೇನೆ.

ನನ್ನ ಹಾಳೆ ಓದಿದ ನಿಮ್ಮ ವಕೀಲರು ಫೋನ್ ಮಾಡಿದ್ದರು. ನನ್ನ ಹೇಳಿಕೆ, ಸಾಕುತಾಯಿಯ ಮನೆಯಲ್ಲಾದ ರಕ್ತ, ಎರಡನ್ನೂ ಇಟ್ಟು ಮೊಕದ್ದಮೆಯನ್ನು ಮತ್ತೆ ತೆರೆಸಬಹುದಂತೆ. ಆದರೆ ‘ನಾನು ಮಾಡಲಿಲ್ಲ’ ಎಂದು ಅವನೇ ಅರ್ಜಿ ಹಾಕಬೇಕು. ಒಪ್ಪಿಕೊಂಡವನ ಪರವಾಗಿ ಇನ್ನೊಬ್ಬರು ಹಾಕುವ ಹಾಗಿಲ್ಲ. ಆರು ವಾರದ ಗಡುವು, ಅದರಲ್ಲಿ ಮೂರು ಕಳೆದವು. ಅವನನ್ನು ಹುಡುಕು. ನನ್ನ ಕಾಗದವನ್ನೇ ಮುಂದಿಟ್ಟು ಓದಿಸು. ಅವನು ಒಂದು ಸಹಿ ಹಾಕಿದರೆ ಸಾಕು.

ಅಕ್ಕ

*

ಜುಲೈ 21

ಅಕ್ಕಾ,

ಸಿಕ್ಕಿದರು. ಓಡಿಸುವ ಕೆಲಸ ಹೋಗಿದೆ. ಪಕ್ಕದ ಊರಿನ ಡಿಪೋದಲ್ಲಿ ಬಸ್ಸು ತೊಳೆಯುತ್ತಾರೆ. ಮೊಣಕಾಲಿನವರೆಗೆ ರಬ್ಬರ್ ಬೂಟು, ಕೈಯಲ್ಲಿ ನೀರಿನ ಪೈಪು. ನಾನು ಕೊಟ್ಟು ಕಳಿಸಿದ ಅಂಗಿಯೇ, ತೋಳಿನ ಹೊಲಿಗೆ ಬಿಟ್ಟಿತ್ತು. ನನ್ನನ್ನು ನೋಡಿ ನೀರು ನಿಲ್ಲಿಸಿದರು. ‘ಏನಾದ್ರೂ ಆಯ್ತಾ?’ ಎಂದರು. ಇಲ್ಲ ಎಂದ ಮೇಲೆ ಸುಧಾರಿಸಿಕೊಂಡರು.

ಅಲ್ಲೇ ಬಸ್ಸಿನ ಮೆಟ್ಟಿಲ ಮೇಲೆ ಕೂತು ನಿನ್ನ ಕಾಗದ ಓದಿದರು. ನಿಧಾನವಾಗಿ, ಪೂರ್ತಿ. ಮಡಿಸಿ ವಾಪಸ್ ಕೊಟ್ಟರು. ‘ನಿಮ್ಮಕ್ಕ ಒಳ್ಳೆಯವ್ರು. ನನ್ನ ಉಳಿಸೋಕೆ ಬರ್ದಿದಾರೆ’ ಎಂದರು.

‘ಅಲ್ಲ, ನಿಜ ಇದು’ ಎಂದೆ. ಸಾಕುತಾಯಿಯ ಮನೆಯ ವಿಷಯ ಹೇಳಿದೆ. ಅರ್ಜಿಯನ್ನು ಮುಂದೆ ಹಿಡಿದೆ. ವಕೀಲರು ಸಹಿಯ ಜಾಗದಲ್ಲಿ ಪೆನ್ಸಿಲಿನ ಗುರುತು ಹಾಕಿದ್ದರು.

‘ನಾನು ಮಾಡ್ಲಿಲ್ಲ ಅಂತ ಹೇಗೆ ಬರೀಲಿ?’ ಎಂದರು. ‘ಎಷ್ಟು ಜೋರಾಗಿ ಅಲ್ಲಾಡಿಸ್ದೆ ಅಂತ ದಿನಾ ನೆನಪು ಮಾಡ್ಕೊಳ್ತೀನಿ. ದಿನಾ ಹಿಂದಿನ ದಿನಕ್ಕಿಂತ ಸ್ವಲ್ಪ ಜೋರಾಗಿರತ್ತೆ.’

‘ನೀವು ಅವನನ್ನ ಎಬ್ಬಿಸೋಕೆ ಮಾಡಿದ್ದು. ನಂಗೊತ್ತು’ ಎಂದೆ.

‘ನಿಂಗೆ ಗೊತ್ತಿತ್ತು ಅಂದ್ಕೊಂಡಿದ್ದೆ’ ಎಂದರು. ಸಿಟ್ಟಿನಿಂದ ಹೇಳಲಿಲ್ಲ ಅಕ್ಕಾ, ಸಿಟ್ಟಿದ್ದಿದ್ದರೆ ಕಾಲು ಹಿಡಿಯುತ್ತಿದ್ದೆ. ‘ಡಾಕ್ಟ್ರು ಹೇಳಿದ್ರು, ನಂಬ್ಲಿಲ್ಲ. ಪೊಲೀಸ್ರು ಹೇಳಿದ್ರು, ನಂಬ್ಲಿಲ್ಲ. ಅವ್ರಿಗೆ ನಾನೇನು ಗೊತ್ತು? ಆದ್ರೆ ನೀನು ಒಂಬತ್ತು ವರ್ಷ ನನ್ನ ನೋಡಿದವ್ಳು. ನೀನೇ ನಂಬಿದ್ಮೇಲೆ ನಾನು ಮಾಡಿರ್ಲೇಬೇಕು.’

ಅರ್ಜಿ ನನ್ನ ಕೈಯಲ್ಲೇ ಉಳಿಯಿತು. ಬರುವ ಶುಕ್ರವಾರಕ್ಕೆ ಗಡುವು ಮುಗಿಯುತ್ತದೆ. ನಾನು ಮತ್ತೆ ಮೂರು ಸಲ ಹೋದೆ, ಅದೇ ಉತ್ತರ. ನಾಳೆಯೂ ಹೋಗುತ್ತೇನೆ. ಹೋಗಿ ಪ್ರಯೋಜನವಿಲ್ಲ ಎಂದು ನನಗೆ ಗೊತ್ತಿದೆ.

ಮೊದಲ ದಿನ ನಾನು ಹೊರಟು ಗೇಟಿನವರೆಗೆ ಬಂದಾಗ ಪೈಪು ಕೆಳಗಿಟ್ಟು ಹಿಂದೆಯೇ ಬಂದರು. ‘ರಾತ್ರಿ ನಿದ್ದೆ ಮಾಡ್ತಾನಾ?’ ಎಂದು ಕೇಳಿದರು. ಮಗುವಿನ ಬಗ್ಗೆ ಅವರೊಡನೆ ಒಂದು ಮಾತಾಡಿದ್ದು ತಿಳಿದರೂ ಗುಂಡುವನ್ನು ಮತ್ತೆ ಕರೆದುಕೊಂಡು ಹೋಗುತ್ತಾರೆ. ಗೇಟಿನ ಕಾವಲಿನವನು ನಮ್ಮನ್ನೇ ನೋಡುತ್ತಿದ್ದ. ನಾನು ಉತ್ತರ ಕೊಡದೆ ಬಸ್ಸು ಹತ್ತಿದೆ.

ತಂಗಿ